ಸಿಂಬಿ

ಬೆಳಗಿನ ನಾಲ್ಕಕ್ಕೆ ಮಲ್ಪೆಯಲ್ಲಿ ಬೆಳಕು ಇರುವುದಿಲ್ಲ,
ಐಸು ಇರುತ್ತದೆ.
ಪ್ಲಾಂಟಿನ ಬಾಗಿಲಿಂದ ಜಾರುವ ಒಂದೊಂದು ಗಡ್ಡೆಯ ಹೊಟ್ಟೆಯಲ್ಲೂ
ಬಿಳಿ ಮಂಜು, ಉದ್ದದ ಗುಳ್ಳೆ,
ಯಾರೋ ಉಸಿರನ್ನು ಅರ್ಧಕ್ಕೆ ಹಿಡಿದ ಹಾಗೆ.
ಯಂತ್ರ ಅದನ್ನು ನುಂಗಿ ಪುಡಿಯಾಗಿ ಉಗಿದರೆ
ಬಂದರಿನಲ್ಲಿ ಒಂದೇ ಒಂದು ಇದ್ದ ಹಳದಿ ದೀಪ
ಸಾವಿರ ಚೂರಾಗಿ ಹಾರುತ್ತದೆ.
ಚೂರುಗಳ ನಡುವೆ, ಸಲಿಕೆ ಹಿಡಿದು, ವಾರಿಜಕ್ಕ.

ಎರಡು ವರ್ಷದಿಂದ ನಾನು ಬರೆಯುತ್ತಿರುವ ಚಿತ್ರ ಇದೊಂದೇ.
ಅವಳನ್ನಲ್ಲ, ಬೆಳಕನ್ನು ಬರೆಯುವುದು ಎನ್ನುತ್ತಿದ್ದೆ ಮೊದಮೊದಲು.
ಅದು ಅವಳ ಕಿವಿಗೆ ಬಿತ್ತು.
"ಬೆಳಕು ಬೇಕಾದರೆ ಟ್ಯೂಬ್‌ಲೈಟು ಬಿಡಿಸು,
ನನ್ನನ್ನು ಎಂಥಕ್ಕೆ ನಿಲ್ಲಿಸುದು ಮಾರಾಯ್ತಿ?"

ಹಗಲು ನಾನು ಕಲ್ಯಾಣಪುರದ ಶಾಲೆಯಲ್ಲಿ ಡ್ರಾಯಿಂಗ್ ಟೀಚರು.
ಕಡಲು ಇಷ್ಟು ಹತ್ತಿರ ಇದ್ದೂ ಮಕ್ಕಳು
ಸೂರ್ಯನನ್ನು ಎರಡು ಗುಡ್ಡಗಳ ನಡುವೆಯೇ ಇಡುತ್ತಾರೆ,
ಕಿರಣಕ್ಕೆ ಸ್ಕೇಲು ಹಿಡಿಯುತ್ತಾರೆ.
ನಾನೇನು ಬೇರೆ ಮಾಡಿದೆ?
ವಾರಿಜಕ್ಕನ ತಲೆಯ ಹಿಂದೆ ಕೈವಾರ ಊರಿ ಒಂದು ವೃತ್ತ,
ಅದರೊಳಗೆ ಚಿನ್ನದ ರೇಕು,
ಉಸಿರು ತಾಗಿದರೆ ಎದ್ದು ಹೋಗುವಂಥದ್ದು.
ಅವಳು ಬಗ್ಗಿ ನೋಡಿದಳು.
"ಆ ಚಕ್ರ ಅಲ್ಲಿ ಇಟ್ಟರೆ ನಾನು ಬುಟ್ಟಿ ಎಲ್ಲಿ ಇಡುದು?"

ಮತ್ತೆ ಸೊಂಟದಿಂದ ಹಳೆ ಬೈರಾಸಿನ ತುಂಡು ಎಳೆದು
ಅಂಗೈಗೆ ಸುತ್ತಿ, ಸುತ್ತಿ,
ನೆತ್ತಿಯ ಮೇಲೆ ಇಟ್ಟುಕೊಂಡಳು, ಸಿಂಬಿ.
ಇದೂ ವೃತ್ತವೇ. ನಡುವೆ ಖಾಲಿ.
ಹಿಂದೆ ಅಲ್ಲ, ಮೇಲೆ; ಹೊಳೆಯಲಿಕ್ಕಲ್ಲ, ಹೊರಲಿಕ್ಕೆ.
ಮೀನಿನ ನೀರು ಕುಡಿದು ಕುಡಿದು ಅದಕ್ಕೆ ಬಂದ ಬಣ್ಣ
ನನ್ನ ಯಾವ ಟ್ಯೂಬಿನಲ್ಲೂ ಇಲ್ಲ.
ಆ ರಾತ್ರಿ ಚಿನ್ನವನ್ನು ಬ್ಲೇಡಿನಿಂದ ಹೆರೆದೆ.
ಪೂರ್ತಿ ಹೋಗಲಿಲ್ಲ.

ಐಸು ಸುಲಭ. ಬಿಳಿಯಿಂದ ಬಿಳಿ ಕಾಣಿಸುವುದಿಲ್ಲವೆಂದು ತಿಳಿದರೆ ಸಾಕು,
ನೀಲಿಗೆ ಕಂದು ಬೆರೆಸಿ ಸುತ್ತ ಕತ್ತಲು ಕಟ್ಟಬೇಕು,
ಚೂರು ತಾನಾಗಿ ಹಾರುತ್ತದೆ.

ಕೈಯದ್ದೇ ಕಷ್ಟ.
ಸಲಿಕೆ ಏರುವಾಗ ಒಂದು ಕೈ, ಎಸೆಯುವಾಗ ಇನ್ನೊಂದು,
ಖಾಲಿ ಮರಳುವಾಗಿನದ್ದು ಬೇರೆಯೇ;
ಒಂದನ್ನು ಬರೆದರೆ ಉಳಿದವು ಸುಳ್ಳಾಗುತ್ತವೆ.
ನಿಲ್ಲು ಎಂದರೆ ನಿಲ್ಲುತ್ತಾಳೆ ಪಾಪ, ಬಸ್ಸಿಗೆ ಕಾಯುವವರ ಹಾಗೆ,
ಆಗ ಅವಳು ಅವಳಲ್ಲ.
ಕೊನೆಗೊಂದು ದಿನ ಸಿಟ್ಟಿನಲ್ಲಿ
ಒಣಗದ ಬಣ್ಣವನ್ನೇ ಬಟ್ಟೆಯಿಂದ ಎಳೆದುಬಿಟ್ಟೆ.
ಆರು ಕೈ ಬಂದವು, ಒಂದರೊಳಗಿಂದ ಒಂದು, ತುದಿ ಕರಗಿ.
ದೇವಿಗೆ ಅಷ್ಟು ಕೈ ಯಾಕೆಂದು ಆಗ ಹೊಳೆಯಿತು:
ಮೊದಲು ಬಿಡಿಸಿದವನ ಎದುರು
ಅವಳು ಕೆಲಸ ನಿಲ್ಲಿಸಿರಲಿಕ್ಕಿಲ್ಲ.
ವಾರಿಜಕ್ಕನಿಗೆ ಹೇಳಿದೆ. ನಕ್ಕಳು.
"ಹಾಗಾದರೆ ಆರು ಕೈಯ ಸಂಬಳ ಕೇಳ್ತೇನೆ ಸಾಹುಕಾರ್ರ ಹತ್ರ."

ಪ್ರದರ್ಶನ ಮಣಿಪಾಲದಲ್ಲಿ. ತಣ್ಣನೆ ಕೋಣೆ.
ಮೇಲಿಂದ ಬಿಟ್ಟ ಬೆಳಕು ನನ್ನ ಬೆಳಕಿನ ಮೇಲೆ ಬಿದ್ದು
ಎರಡೂ ಕೆಟ್ಟವು.
ಒಬ್ಬರು ಚಪ್ಪಲಿ ಕಳಚಿ ನಿಂತರು.
ಇನ್ನೊಬ್ಬರು ಯಾವ ದೇವಿ ಎಂದರು;
ನಾನು ಐಸಿನ ರೇಟು ಹೇಳಿದೆ.

ಮೂರನೆಯ ದಿನ ಮಾರ್ಕೆಟ್ಟು ಮುಗಿಸಿ ಅವಳೇ ಬಂದಳು,
ತಲೆಯ ಮೇಲೆ ಮಾರದೆ ಉಳಿದ ಬಂಗುಡೆ.
ಕಾವಲಿನ ಹುಡುಗ ಕೈ ಅಡ್ಡ ಇಟ್ಟ,
ಗೋಡೆ ನೋಡಿದ, ಅವಳನ್ನು ನೋಡಿದ, ಸರಿದ.
ಬುಟ್ಟಿ ಇಳಿಸಿದಳು. ಸಿಂಬಿ ತೆಗೆಯಲಿಲ್ಲ.
ತುಂಬ ಹೊತ್ತು ನೋಡಿದಳು,
ತನ್ನನ್ನಲ್ಲ, ಆ ಹಾರುವ ಚೂರುಗಳನ್ನು.
"ಇದು ಕರಗುದಿಲ್ಲ," ಅಂದಳು, "ಅಷ್ಟು ಒಳ್ಳೆದಾಯ್ತು."

ಬುಟ್ಟಿಯಡಿಯಿಂದ ನೀರು ಮಾತ್ರ ಹೊರಟಿತ್ತು,
ನುಣ್ಣನೆ ನೆಲದಲ್ಲಿ ದಾರಿ ತಡಕುತ್ತಾ
ಚಿತ್ರದ ಕೆಳಗೆ ಹೋಗಿ ನಿಂತಿತು.
ಮೇಲಿನ ದೀಪ ಅದರೊಳಗೆ ಬಿದ್ದು, ಅಲುಗಿ,
ಗೋಡೆ ಹತ್ತಿ,
ಆರನೆಯ ಕೈಯ ಹತ್ತಿರ ನಡುಗಿತು.
ಹುಡುಗ ನೆಲ ಒರೆಸುವ ಕೋಲು ತಂದ.
ಒಂದು ನಿಮಿಷ ಇರು, ಎಂದೆ.